ನಲವತ್ತೊಂದನೆಯ ಬಾವಿ

ಕಂತು ಏಳು

ಗುರುತು ಅಲುಗಿತು.

ಶಾಂತಕುಮಾರಿ ಮೌಸ್ ಮೇಲಿನಿಂದ ಕೈ ತೆಗೆದಳು. ತಾನು ಮುಟ್ಟಿಲ್ಲ. ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಇನ್ನೊಂದು ನರಪಿಳ್ಳೆಯೂ ಇಲ್ಲ. ಆದರೂ ಪರದೆಯ ಮೇಲೆ, ನಲವತ್ತೊಂದು ಎಂದು ಬರೆದಿದ್ದ ಕೆಂಪು ಗುರುತು, ಯಾರೋ ಬೆರಳಿಟ್ಟು ಎಳೆದ ಹಾಗೆ, ತೆಂಗಿನ ತೋಟದ ನಡುವಿನಿಂದ ಎದ್ದು ಕೆರೆಯ ಕಡೆಗೆ ಜಾರತೊಡಗಿತ್ತು.

ಅರ್ಧ ದಾರಿಯಲ್ಲಿ ಒಮ್ಮೆ ನಿಂತಿತು. ಎಳೆಯುತ್ತಿದ್ದವರ ಕೈ ನಡುಗಿರಬೇಕು. ಮತ್ತೆ ಹೊರಟು ಕೆರೆಯ ತೂಬಿನ ಪಕ್ಕ ಹೋಗಿ ಕೂತಿತು.

ಗೋಡೆಯ ಗಡಿಯಾರದಲ್ಲಿ ಬೆಳಿಗ್ಗೆ ಎಂಟೂ ನಲವತ್ತು. ಶುಕ್ರವಾರ. ಬಾವಿ ಕಟ್ಟುವ ಮೇಸ್ತ್ರಿ ಶ್ರೀರಂಗಯ್ಯ ಹೆಗಲ ಮೇಲೆ ಹಾರೆ ಹೊತ್ತು, ಹಾಲಿನ ಡೇರಿಯ ಮುಂದೆ ಕೇಳಿದವರಿಗೆ "ಒಂದು ಹಳೇ ಬಾವಿ ತಾವ್ಕೆ ಹೋಗ್ಬತ್ತೀನಿ" ಎಂದು ಹೇಳಿ ಹೋಗಿ ಇಂದಿಗೆ ಐದನೆಯ ದಿನ.

ಅವಳು ಫೋನ್ ಎತ್ತಿಕೊಂಡಳು. ಮೊದಲ ರಿಂಗಿಗೇ ಆ ಕಡೆಯಿಂದ ಜೀಪಿನ ಸದ್ದು, ಅದರ ಮೇಲೆ ಹೆಡ್ ಕಾನ್‌ಸ್ಟೇಬಲ್ ಶಿವರುದ್ರಮ್ಮನ ಗಂಟಲು.

"ಹೇಳಿ ಮೇಡಂ. ತಿಪಟೂರಿಂದ ಅಗ್ನಿಶಾಮಕದೋರು ಬಂದವ್ರೆ. ನಿಮ್ಮ ಗುರುತು ನೋಡ್ಕೊಂಡೇ ಹೊರಟೀವಿ."

"ಮೇಡಂ, ಎಲ್ಲಿಗೆ ಹೊರಟಿದೀರಿ?"

"ಇದ್ಯಾಕ್ರೀ ಹಿಂಗ್ ಕೇಳ್ತೀರಾ? ಕೆರೆ ತೂಬಿನ ತಾವ್ಕೆ. ಅಲ್ಲೇ ತಾನೆ ತೋರಿಸ್ತಿರೋದು?"

"ಅಲ್ಲ ಮೇಡಂ! ಗುರುತು ಈಗ ತಾನೇ ಸರೀತು. ನನ್ನ ಕಣ್ಣೆದುರಿಗೇ ಸರೀತು."

"ಸರೀತು ಅಂದ್ರೆ? ಅದೇನು ಎಮ್ಮೆಯೇನ್ರೀ, ಕೆರೆ ನೋಡಿದ್ ತಕ್ಷಣ ನೀರಿಗೆ ಹೋಗಕ್ಕೆ?"

"ಯಾರೋ ಸರಿಸಿದ್ರು. ಈಗ, ಒಂದು ನಿಮಿಷದ ಹಿಂದೆ."

ಆ ಕಡೆ ಜೀಪು ಗೇರ್ ಬದಲಿಸಿದ್ದು ಕೇಳಿಸಿತು.

"ನೋಡಿ ಮೇಡಂ, ತೂಬಿನ ಬಾವಿಗೆ ಹಾಕಿದ್ದ ಬೇಲಿ ಮುರಿದೈತೆ ಅಂತ ನಿನ್ನೆ ದನ ಕಾಯೋರು ಹೇಳವ್ರೆ. ಅದನ್ನ ನಾನು ನೋಡ್ದೆ ಬುಡಕಾಗಲ್ಲ. ಅರ್ಧ ಗಂಟೆ. ಅಷ್ಟರಲ್ಲಿ ಆ ಗುರುತು ಮೊದ್ಲು ಎಲ್ಲಿತ್ತು ಅಂತ ಪಕ್ಕಾ ಮಾಡಿ ಹೇಳಿ. ಎಪ್ಪತ್ತು ವರ್ಷದ ಮನುಷ್ಯ, ಐದು ದಿನ ಬಾವೀಲಿ ಬದುಕಿರೋದೇ ಹೆಚ್ಚು. ತಪ್ಪು ಜಾಗ ಅಗೆಯಕ್ಕೆ ಟೈಮಿಲ್ಲ."

ಫೋನ್ ಇಟ್ಟ ಮೇಲೂ ಆ ಮಾತು ಕಿವಿಯಲ್ಲೇ ಉಳಿಯಿತು. ಬದುಕಿರೋದೇ ಹೆಚ್ಚು.

ತಪ್ಪು ತನ್ನದೇ. ನಕ್ಷೆ ಮಾಡಿದವಳು ತಾನೇ.

ಹೊನ್ನವಳ್ಳಿ ರಸ್ತೆಯ ಹುಣಸೇಕಟ್ಟೆ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ಶಾಂತಕುಮಾರಿಗೆ ಈ ಅಂತರ್ಜಾಲದ ವಿದ್ಯೆಯನ್ನು ಯಾರೂ ಕೂರಿಸಿಕೊಂಡು ಕಲಿಸಿರಲಿಲ್ಲ. ಒಂದು ಕಡೆ ಸಾರು ಕುದಿಯುತ್ತಿದ್ದರೆ ಇನ್ನೊಂದು ಕಡೆ ವಿಡಿಯೋ ನೋಡಿ ಕಲಿತದ್ದು. ಒಂಬತ್ತನೇ ತರಗತಿಯ ಮಕ್ಕಳಿಂದ ಊರ ಸುತ್ತಲಿನ ಹಳೆಯ ತೆರೆದ ಬಾವಿಗಳನ್ನೆಲ್ಲ ಆನ್‌ಲೈನ್ ನಕ್ಷೆಗೆ ಹಾಕಿಸಿದಳು. ಪ್ರತಿ ಬಾವಿಗೂ ಒಂದು ಗುರುತು. ಗುರುತು ಒತ್ತಿದರೆ ಆ ಬಾವಿಯ ಬಗ್ಗೆ ಮನೆಯ ಹಿರಿಯರು ಹೇಳಿದ ಮಾತು ಅವರದೇ ದನಿಯಲ್ಲಿ ಕೇಳುತ್ತದೆ. ಊರಿನ ನೆಟ್‌ವರ್ಕ್ ತಾಳಿಕೊಳ್ಳಲೆಂದು ಪ್ರತಿ ದನಿಗೂ ಮೂವತ್ತು ಸೆಕೆಂಡಿನ ಮಿತಿ ಹಾಕಿದ್ದಳು. ಮಕ್ಕಳಿಗೆ ಇಮೇಲ್ ಇಲ್ಲವಲ್ಲ, ಅದಕ್ಕೆ ಲಿಂಕ್ ಸಿಕ್ಕವರೆಲ್ಲ ನಕ್ಷೆ ತಿದ್ದಬಹುದು ಎಂದು ಬಾಗಿಲು ಹಾರು ಹೊಡೆದು ಇಟ್ಟಿದ್ದಳು.

ಹಾರು ಹೊಡೆದ ಬಾಗಿಲಿನಲ್ಲಿ ಯಾರು ಬೇಕಾದರೂ ಬರಬಹುದು.

ಹಿಂದಿನ ಶುಕ್ರವಾರ ಹಿರಿಯರನ್ನೆಲ್ಲ ಶಾಲೆಗೆ ಕರೆದು ದೊಡ್ಡ ಪರದೆಯಲ್ಲಿ ನಕ್ಷೆ ತೋರಿಸಿದ್ದಳು. ಎಂಥ ಗದ್ದಲ! ಎಪ್ಪತ್ತು ವರ್ಷ ತೆಂಗಿನ ಮರವನ್ನು ಕೆಳಗಿನಿಂದಲೇ ನೋಡಿದವರಿಗೆ ಮೇಲಿನಿಂದ ತೆಗೆದ ಚಿತ್ರ ಎಲ್ಲಿ ಅರ್ಥವಾಗಬೇಕು? ಬಿಸಿಯೂಟದ ಓಬಮ್ಮ ಸೌಟು ಹಿಡಿದೇ ಬಂದು, "ಇದೇನ್ ಮೇಡಮ್ಮ, ರಂಗೋಲಿಗೆ ಚುಕ್ಕಿ ಇಟ್ಟಂಗೈತೆ, ಗೆರೆ ಯಾವಾಗ ಎಳೀತೀರಾ?" ಎಂದಿದ್ದಳು. ಅವಳು ನೋಡುತ್ತಿದ್ದದ್ದು ಅವಳದೇ ಅಳಿಯನ ತೋಟ. ಒಬ್ಬೊಬ್ಬರಿಗೂ ತಮ್ಮ ಮನೆ ಹುಡುಕಿಕೊಡಲು ಹತ್ತು ಹತ್ತು ನಿಮಿಷ ಹಿಡಿದಿತ್ತು.

ಮಕ್ಕಳು ಗುರುತುಗಳನ್ನು ಎಣಿಸಿ, "ಶ್ರೀರಂಗಜ್ಜ ಕಟ್ಟಿದ ಬಾವಿ ನಲವತ್ತು" ಎಂದು ಕೂಗಿದ್ದರು.

ಹಿಂದಿನ ಬೆಂಚಿನಲ್ಲಿದ್ದ ಮುದುಕ ತಟ್ಟನೆ ಎದ್ದು ನಿಂತ. "ಯಾರ್ಲಾ ನಲವತ್ತು ಅಂದೋನು? ನಲವತ್ತೊಂದು! ಈ ಕೈಯಿ ಕಟ್ಟಿದ್ದು ನಲವತ್ತೊಂದು!" ಪರದೆಯ ಹತ್ತಿರ ಬಂದು, ಮಕ್ಕಳಿಂದ ಕೆರೆ ಯಾವುದು, ದಾರಿ ಯಾವುದು ಎಂದು ಕೇಳಿಕೊಂಡು, ತೋಟಗಳ ನಡುವೆ ಒಂದು ಕಡೆ ಬೆರಳಿಟ್ಟ. ಅಲ್ಲಿ ಗುರುತು ಬಿತ್ತು. ಮಕ್ಕಳು ಚಪ್ಪಾಳೆ ಹೊಡೆದರು. ಚಪ್ಪಾಳೆ ನಿಲ್ಲುವಷ್ಟರಲ್ಲಿ ಮುದುಕನ ಮುಖ ಯಾಕೋ ಸಣ್ಣಗಾಗಿತ್ತು. ವಯಸ್ಸಾಯಿತಲ್ಲ, ನಿಂತು ಸುಸ್ತಾಯಿತೇನೋ ಎಂದುಕೊಂಡಿದ್ದಳು.

ಆ ಜಾಗ ಯಾವುದೆಂದು ಯಾರೂ ಬರೆದಿಟ್ಟುಕೊಳ್ಳಲಿಲ್ಲ. ನಕ್ಷೆಯಲ್ಲಿದೆಯಲ್ಲ, ಇನ್ನೇಕೆ ಬರೆಯಬೇಕು?

ಶಾಂತಕುಮಾರಿ 'ಬದಲಾವಣೆಗಳ ಪಟ್ಟಿ' ತೆರೆದಳು. ಎಂಟೂ ನಲವತ್ತು. ಗುರುತು ನಲವತ್ತೊಂದು, ಜಾಗ ಬದಲು. ಬದಲಿಸಿದವರು: ಅತಿಥಿ. ಹೆಸರಿಲ್ಲ, ದಿಕ್ಕಿಲ್ಲ. ಆದರೆ ಸರಿಸಿದವರಿಗೆ ಒಂದು ವಿಷಯ ಗೊತ್ತಿರಲಿಲ್ಲ. ಪಟ್ಟಿಯ ಹಿಂದಿನ ಸಾಲನ್ನು ಒತ್ತಿದರೆ ಹಳೆಯ ಜಾಗ ಮಸುಕಾಗಿ ಮತ್ತೆ ಕಾಣುತ್ತದೆ. ಅವಳು ಒತ್ತಿದಳು. ಮಸುಕು ಗುರುತು ಒಂದು ತೋಟದ ನಡುವೆ ಎದ್ದು ಬಂತು.

ಯಾರ ತೋಟ?

"ಅದು ಭೀಮರಾಜಪ್ಪನ ಪಂಪ್‌ಮನೆ ಅಲ್ವೇನವ್ವಾ?"

ಶಾಂತಕುಮಾರಿ ಬೆಚ್ಚಿ ತಿರುಗಿದಳು. ಶ್ರೀರಂಗಯ್ಯನ ಹೆಂಡತಿ ಗಂಗಕ್ಕ ಬಾಗಿಲಲ್ಲಿ ನಿಂತಿದ್ದಳು. ತಲೆ ಬಾಚಿಲ್ಲ, ಸೆರಗು ಹೇಗೋ ಸಿಕ್ಕಿಸಿಕೊಂಡಿದ್ದಾಳೆ. ನಾಲ್ಕು ದಿನದಲ್ಲಿ ಹತ್ತು ವರ್ಷ ವಯಸ್ಸಾದಂತೆ ಇಳಿದುಹೋಗಿದ್ದಳು.

"ಬಾ ಗಂಗಕ್ಕ, ಕೂತ್ಕೋ. ಏನಾದ್ರೂ ಸುದ್ದಿ?"

"ಎಲ್ಲಿ ಸುದ್ದಿ ಕಣವ್ವ. ಫೋನು ಆಫೇ ಬತ್ತೈತೆ." ಗಂಗಕ್ಕ ಕುರ್ಚಿಯ ತುದಿಗೆ ಕೂತಳು. "ಪೊಲೀಸ್ರು ಗಿಲೀಸ್ರು ಬ್ಯಾಡ ಅಂದಿದ್ದೆ ನಾನು. ನೀವು ಕೇಳ್ಲಿಲ್ಲ. ಅವನು ಬತ್ತಾನೆ. ಮುನಿಸ್ಕೊಂಡು ಎಲ್ಲೋ ಕುಂತವ್ನೆ."

"ಐದು ದಿನ ಮುನಿಸೇ ಗಂಗಕ್ಕ?"

ಗಂಗಕ್ಕನ ಕಣ್ಣು ಪರದೆಯ ಮೇಲೆಯೇ ಇತ್ತು.

ಈ ನಕ್ಷೆಯಲ್ಲಿ ಹಿಂದಿನ ವರ್ಷಗಳ ಉಪಗ್ರಹ ಚಿತ್ರಗಳನ್ನೂ ನೋಡಬಹುದೆಂದು ಶಾಂತಕುಮಾರಿಗೆ ತಿಳಿದು ಒಂದು ತಿಂಗಳಾಗಿತ್ತಷ್ಟೆ. ಅವಳು ವರ್ಷಗಳನ್ನು ಹಿಂದಕ್ಕೆ ಸರಿಸಿದಳು. ಎರಡು ಸಾವಿರದ ಹದಿನೆಂಟು: ಮಸುಕು ಗುರುತಿನ ಕೆಳಗೆ, ಕಾಡಿಗೆ ಬೊಟ್ಟಿಟ್ಟಂತೆ, ದುಂಡಗೆ ಕಪ್ಪು. ಬಾವಿ! ಎರಡು ಸಾವಿರದ ಇಪ್ಪತ್ತು: ಕಪ್ಪಿಲ್ಲ. ಬರಿ ಕೆಂಪು ಮಣ್ಣು. ಹೊಸ ಚಿತ್ರ: ಅದೇ ಜಾಗದಲ್ಲಿ ಗರಿ ಬಿಚ್ಚಿದ ಒಂದು ತೆಂಗು.

ಅವಳು ಮತ್ತೊಮ್ಮೆ ನೋಡಿದಳು. ಅವಳೂ ತೋಟದ ಮನೆಯ ಮಗಳೇ. ಹಗ್ಗ ಎಳೆದು, ಮೂವತ್ತಡಿ ಅಳೆದು ಗುಂಡಿ ತೋಡುವ ಸೀಮೆ ಇದು. ನಾಲ್ಕು ಮರ ನಾಲ್ಕು ಮೂಲೆಗೆ ನಿಂತರೆ ನಡುವೆ ನೆರಳು, ಅಷ್ಟೆ. ಮುದಿ ಮರಗಳ ನಡುವೆ ಹೊಸ ಸಸಿ ಇಡುವುದುಂಟು. ಇಟ್ಟರೆ ತೋಟ ಪೂರ್ತಿ ಸಾಲಾಗಿ ಇಡುತ್ತಾರೆ. ಇಲ್ಲಿ ಇಡೀ ತೋಟಕ್ಕೆ ಒಂದೇ ಒಂದು ಮರ ಸಾಲು ತಪ್ಪಿ ನಿಂತಿತ್ತು.

"ಗಂಗಕ್ಕ, ಈ ಗಿಡ ನೋಡು. ಇದನ್ಯಾಕೆ ಹಿಂಗೆ ಇಟ್ಟವ್ರೆ?"

"ಯಾವ್ದೋ ಕಾಯಿ ಬಿದ್ದು ತಾನೇ ಹುಟ್ಟಿರ್ತದೆ ಬುಡವ್ವ."

"ತಾನೇ ಹುಟ್ಟಿದ್ನ ಭೀಮರಾಜಣ್ಣ ಇಷ್ಟು ವರ್ಷ ಬಿಟ್ಟಿರ್ತಾರಾ? ಒಂದು ಪಾರ್ಥೇನಿಯಂ ಗಿಡ ಕಂಡ್ರೂ ಕೂಲಿಯೋರ್ನ ಬೈಯೋ ಮನುಷ್ಯ."

"ನೀವು ನೀರಿರೋ ಕಡೆ ನೋಡ್ಸಿ ಮೇಡಮ್ಮ," ಎಂದಳು ಗಂಗಕ್ಕ, ಸೆರಗಿನ ತುದಿ ಬೆರಳಿಗೆ ಸುತ್ತುತ್ತ. "ಕೆರೆ ಕಡೆ ನೋಡ್ಸಿ. ತೋಟದಾಗೆ ಏನೈತೆ?"

ಶಾಂತಕುಮಾರಿಯ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಭೀಮರಾಜು ಶಾಲಾ ಸಮಿತಿಯ ಅಧ್ಯಕ್ಷ. ಹೋದ ಶನಿವಾರದ ಸಭೆಯಲ್ಲಿ, "ಹಳೇ ಬಾವಿ ಎಲ್ಲಾ ಲೋಕಕ್ಕೆ ಯಾಕ್ರೀ ತೋರಿಸ್ತೀರಿ? ನಾಳೆ ಯಾವನೋ ಬಂದು ಕಂಪ್ಲೇಂಟ್ ಬರೀತಾನೆ. ಅಳಿಸಿ ಅದನ್ನ" ಎಂದು ಮೇಜು ಕುಟ್ಟಿದ್ದ. ಸೋಮವಾರ ಶ್ರೀರಂಗಯ್ಯ ಹೋದ. ಈವತ್ತು ಅಗ್ನಿಶಾಮಕದವರು ಬರುವ ಹೊತ್ತಿಗೆ ಸರಿಯಾಗಿ ಗುರುತು ಅವನ ತೋಟ ಬಿಟ್ಟು ಕೆರೆಗೆ ಹೋಗಿ ಕೂತಿದೆ.

ಅವಳು ಶಿವರುದ್ರಮ್ಮನಿಗೆ ಒಂದು ಸಾಲು ಬರೆದು ಕಳಿಸಿ, ಸ್ಕೂಟಿಯ ಕೀ ತೆಗೆದುಕೊಂಡಳು.

"ಗಂಗಕ್ಕ, ನೀನೂ ಬರ್ತೀಯಾ?"

"ನನ್ ಕೈಲಾಗಲ್ಲ ಕಣವ್ವ. ನೀವು ಹೋಗ್ಬನ್ನಿ. ನಾನಿಲ್ಲೇ ಕುಂತಿರ್ತೀನಿ."

*

ಭೀಮರಾಜುವಿನ ಮನೆಯಂಗಳದಲ್ಲಿ ಅಟ್ಟದಿಂದ ಇಳಿಸಿದ ಕಾಯಿಯ ರಾಶಿ. ಹತ್ತು ತಿಂಗಳು ಅಟ್ಟದಲ್ಲಿ ಒಣಗಿದ ಕಾಯಿ. ಇಬ್ಬರು ಆಳುಗಳು ನೆಟ್ಟ ಕಬ್ಬಿಣದ ಮೊನೆಗೆ ಕುಕ್ಕಿ ಕುಕ್ಕಿ ಸುಲಿಯುತ್ತಿದ್ದರು. ಭೀಮರಾಜು ಕಲ್ಲುಬೆಂಚಿನ ಮೇಲೆ ಕೂತು ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಕೇಳುತ್ತಿದ್ದ. ಒಳಗೆ ಉಂಡೆ ಬಿಟ್ಟುಕೊಂಡು ಗಡಗಡ ಎಂದರೆ ಕೊಬ್ಬರಿಯಾಗಿದೆ ಎಂದು ಲೆಕ್ಕ.

"ಬನ್ನಿ ಮೇಡಂ. ಏಯ್, ಒಳಗಡೆ ಕಾಫಿಗೆ ಹೇಳ್ಲಾ."

"ಕಾಫಿ ಬೇಡಣ್ಣ. ನಿಮ್ಮ ತೋಟದಲ್ಲಿ ಒಂದು ಬಾವಿ ಇತ್ತು."

ಕಿವಿಯ ಹತ್ತಿರ ಕಾಯಿ ನಿಂತಿತು.

"ಇತ್ತು."

"ಎಲ್ಲಿ ಹೋಯ್ತು?"

"ಬಾವಿ ಎಲ್ಲಿಗ್ರೀ ಹೋಗ್ತದೆ? ಬತ್ತೋಯ್ತು, ಮುಚ್ಚಿಸ್ದೆ. ಆರು ವರ್ಷ ಆಯ್ತು. ನನ್ನ ಜಮೀನು, ನನ್ನ ಬಾವಿ. ಅದಕ್ಕೂ ಶಾಲೆ ಪರ್ಮಿಶನ್ ಬೇಕಿತ್ತಾ?"

"ಶ್ರೀರಂಗಯ್ಯ ಸೋಮವಾರ ಅದೇ ಬಾವಿ ಹತ್ರ ಬಂದಿದ್ದ."

"ನಾನ್ ಕಂಡಿಲ್ಲ. ಸೋಮವಾರ, ಮಂಗಳವಾರ ನಾನು ತಿಪಟೂರಲ್ಲಿದ್ದೆ, ಕೊಬ್ಬರಿ ಹರಾಜು. ಅಲ್ಲಿಂದ ಸೀದಾ ತುರುವೇಕೆರೆಗೆ ಮದುವೆಗೆ ಹೋಗಿ ನಿನ್ನೆ ಸಂಜೆ ಬಂದೀನಿ. ಊರೆಲ್ಲಾ ಹುಡುಕ್ತಿರೋದು ಬಂದ್ಮೇಲೆ ಗೊತ್ತಾಗಿದ್ದು."

"ಮತ್ತೆ ಗುರುತು ಯಾಕೆ ಸರಿಸಿದ್ರಿ?"

"ಏನ್ ಸರಿಸಿದೆ?"

"ನಕ್ಷೇಲಿ. ಈಗ, ಎಂಟೂ ನಲವತ್ತಕ್ಕೆ. ಪೊಲೀಸ್ರು ನಿಮ್ಮ ತೋಟಕ್ಕೆ ಬರಬಾರದು ಅಂತ."

ಸುಲಿಯುತ್ತಿದ್ದವರ ಕೈ ನಿಂತಿತು. ಭೀಮರಾಜು ಎದ್ದ. ಆಳು ಎತ್ತರ, ಎದೆಯ ಮೇಲೆ ಆಪರೇಷನ್ನಿನ ಉದ್ದ ಗೆರೆ ಅಂಗಿಯ ಸಂದಿಯಿಂದ ಕಾಣುತ್ತಿತ್ತು.

"ಮೇಡಂ, ನಿಮ್ಮ ಮೇಲೆ ಮರ್ಯಾದೆ ಇಟ್ಕೊಂಡೇ ಕೇಳ್ತೀನಿ. ಆ ಮುದ್ಕನ್ನ ನಾನು ಬಾವಿಗೆ ತಳ್ದೆ ಅಂತೀರಾ?"

ಶಾಂತಕುಮಾರಿ ಫೋನನ್ನು ಅವನ ಮುಖದ ಮುಂದೆ ಹಿಡಿದಳು. "ನೀವೇ ನೋಡಿ. ಇದಕ್ಕೆ ಉತ್ತರ ಹೇಳಿ ಸಾಕು."

ಭೀಮರಾಜು ಫೋನು ಇಸಿದುಕೊಂಡ. ಕಣ್ಣು ಕಿರಿದು ಮಾಡಿದ. ಎಡಕ್ಕೆ ತಿರುಗಿಸಿದ, ತಲೆಕೆಳಗು ಮಾಡಿದ.

"ಇದೇನ್ರೀ ಇದು? ಯಾವ್ದಾದ್ರೂ ಚುಕ್ಕಿ ಸೀರೆನಾ?"

"ನಿಮ್ಮ ತೋಟ."

"ನಮ್ತೋಟ? ನಮ್ತೋಟದಲ್ಲಿ ಮರ ಅವೆ ಕಣ್ರೀ. ಇಲ್ಲೇನು ಗರಿಕೆ ಹುಲ್ಲು ಬೆಳೆದಂಗೈತೆ. ಎಲ್ಲೈತೆ ನಮ್ಮನೆ? ಮೂಡಗಡೆ ಯಾವ್ದು ಇದ್ರಲ್ಲಿ?" ಅವನ ದಪ್ಪ ಹೆಬ್ಬೆರಳು ತಗುಲಿ ಚಿತ್ರವೇ ಓಡಿಹೋಯಿತು. "ಅಯ್ಯೋ, ಹೋಯ್ತಲ್ಲ! ನಾನೇನೂ ಮಾಡ್ಲಿಲ್ಲ ಮೇಡಂ, ಹಿಡ್ಕಳಿ."

ನಟನೆಯಲ್ಲ. ಇಪ್ಪತ್ತು ವರ್ಷ ಮಕ್ಕಳ ಮುಂದೆ ನಿಂತವಳಿಗೆ ಗೊತ್ತಿರುವುದು ಅದೊಂದೇ: ತಿಳಿದೂ ತಿಳಿಯದಂತೆ ನಟಿಸುವವರು ಒಂದು ರೀತಿ, ನಿಜವಾಗಿ ತಿಳಿಯದವರು ಇನ್ನೊಂದು ರೀತಿ. ಈ ಮನುಷ್ಯ ಆ ನಕ್ಷೆಯನ್ನು ಇವತ್ತೇ ಮೊದಲು ನೋಡುತ್ತಿದ್ದ. ಗುರುತು ಸರಿಸುವುದಿರಲಿ, ಸ್ವಂತ ತೋಟವನ್ನೇ ಗುರುತು ಹಿಡಿಯಲಾರ.

ಮೊದಲ ಸಲ ನೋಡಿದವರು ಯಾರೂ ಗುರುತು ಹಿಡಿಯಲಾರರು. ಓಬಮ್ಮ ಹಿಡಿಯಲಿಲ್ಲ. ಊರಿನ ಒಬ್ಬ ಹಿರಿಯನೂ ಹಿಡಿಯಲಿಲ್ಲ.

ಅವಳು ಫೋನಿನಿಂದ ತಲೆ ಎತ್ತಿದಳು.

*ಅದು ಭೀಮರಾಜಪ್ಪನ ಪಂಪ್‌ಮನೆ ಅಲ್ವೇನವ್ವಾ?*

ಬಾಗಿಲಲ್ಲಿ ನಿಂತೇ ಹೇಳಿದ್ದಳು ಗಂಗಕ್ಕ. ಒಂದೇ ನೋಟಕ್ಕೆ. ಹಿರಿಯರ ಸಭೆಗೆ ಅವಳು ಬಂದಿರಲಿಲ್ಲ. ಕಂಪ್ಯೂಟರ್ ಕೋಣೆಗೆ ಕಾಲಿಟ್ಟದ್ದು ಇವತ್ತೇ.

ಆ ಸಂಜೆಯ ಇನ್ನೊಂದು ಮಾತು ಈಗ ನೆನಪಾಯಿತು. ಎಲ್ಲರೂ ಹೋದ ಮೇಲೆ ಶ್ರೀರಂಗಯ್ಯ ಹಿಂದೆ ಉಳಿದು ತನ್ನ ಟಚ್ ಫೋನು ಚಾಚಿದ್ದ. "ನನ್ನ ಹೆಂಡ್ರುಗೂ ತೋರಿಸ್ಬೇಕು ಮೇಡಮ್ಮ, ಇದ್ರಾಗೂ ಹಾಕ್ಕೊಡಿ. ಹೆಂಗೆ ತಿದ್ದೋದು ಅಂತಾನೂ ಹೇಳ್ಕೊಡಿ." ಮುದುಕನ ಕಲಿಯುವ ಆಸೆಗೆ ಖುಷಿಪಟ್ಟು ಅವಳೇ ಬೆರಳು ಹಿ‍ಡಿದು ಕಲಿಸಿದ್ದಳು.

"ಏನಾಯ್ತು ಮೇಡಂ? ಮುಖ ಯಾಕೆ ಹಿಂಗಾಯ್ತು?"

"ಭೀಮರಾಜಣ್ಣ, ಆ ಬಾವಿ ಮುಚ್ಚಿದ್ದು ಯಾರು?"

"ಇನ್ಯಾರು? ಶ್ರೀರಂಗಯ್ಯನೇ. ಕಟ್ಟಿದೋನ ಕೈಲೇ ಮುಚ್ಚಿಸಿದ್ದು. ನಾನು ಊರಲ್ಲೇ ಇರ್ಲಿಲ್ಲ, ಎದೆ ಆಪರೇಷನ್ ಆಗಿ ಒಂದು ತಿಂಗ್ಳು ಆಸ್ಪತ್ರೇಲಿ ಬಿದ್ದಿದ್ದೆ. ಎಂಥಾ ತಿಂಗ್ಳು ಅದು!" ಅವನು ಕಾಯನ್ನು ಅಂಗೈಯಲ್ಲಿ ತಿರುಗಿಸಿದ. "ನಮ್ಮ ತಂಗಿ ಮಂಗಳಾ ಮನೆ ಬುಟ್ಟು ಹೋಗಿದ್ದೂ ಆಗ್ಲೇ. ಯಾವನ ಜೊತೇಲೋ ಬಸ್ ಹತ್ತುದ್ಲು ಅಂತ ಊರೇ ಅಂತು. ಅಣ್ಣ ಸಾಯಕ್ಕೆ ಬಿದ್ದವ್ನೆ ಅನ್ನೋದೂ ನೋಡ್ಲಿಲ್ಲ. ಆಮೇಲೆ ಅವಳ ಹೆಸ್ರು ಈ ಮನೇಲಿ ಯಾರೂ ಎತ್ತಿಲ್ಲ."

"ಆ ಗಿಡ?"

"ಅದೂ ಅವ್ನೇ ಇಟ್ಟಿದ್ದು. ಯಾಕ್ಲಾ ಮೇಸ್ತ್ರಿ ಸಾಲು ತಪ್ಸಿದೀಯ ಅಂತ ಬೈದೆ. 'ಇರ್ಲಿ ಬುಡಪ್ಪ, ನಾನ್ ಕಟ್ಟಿದ ಬಾವಿ, ಗುರುತಿಗೆ ಇರ್ಲಿ' ಅಂದ. ಬೇಸಿಗೇಲಿ ದಿನಾ ಬಂದು ತಾನೇ ನೀರು ಹುಯ್ಯೋನು. ಈ ವರ್ಷ ಹೊಂಬಾಳೆ ಬಿಟ್ಟೈತೆ. ಕಾಯಿ ಆದ್ರೆ ಯಾರೂ ತಿನ್ನಬ್ಯಾಡಿ ಅಂತಾನೆ, ಹುಚ್ಚ." ತಟ್ಟನೆ ಅವನ ದನಿ ಬದಲಾಯಿತು. "ಮೇಡಂ, ಮುಚ್ಚಿದ ಬಾವಿ ಒಂದೊಂದ್ಸಲ ಕುಸೀತದೆ. ನಡೀರಿ, ನೋಡೇ ಬುಡಣ."

ಕಾಯಿ ಕೈಯಲ್ಲಿ ಹಾಗೇ ಹಿಡಿದು ಅವನು ಮುಂದೆ ಓಡಿದ.

*

ಸಾಲು ತಪ್ಪಿದ ತೆಂಗು ಸ್ವಲ್ಪ ವಾಲಿತ್ತು. ಅದರ ಬುಡದ ಒಂದು ಪಕ್ಕದಲ್ಲಿ ಮಣ್ಣು ಹೊಸದಾಗಿ ಕೆದರಿತ್ತು. ಹಳ್ಳದ ಅಂಚು ಒಳಕ್ಕೆ ಜರಿದು ಬಾಯಿ ಮುಚ್ಚಿಕೊಂಡಿತ್ತು. ಪಕ್ಕದಲ್ಲಿ ಒಂದು ಹಾರೆ.

ಹಾರೆಯ ಹಿಡಿಯ ಕಡೆ ಕೆಂಪು ಬಟ್ಟೆ ಸುತ್ತಿತ್ತು. ಊರಿಗೆಲ್ಲ ಗೊತ್ತಿರುವ ಹಾರೆ.

"ಅಯ್ಯೋ, ಇಲ್ಲೇ ಅವ್ನೆ ಕಣ್ರೀ!" ಭೀಮರಾಜು ಮಂಡಿಯೂರಿ, ಕಾಯಿ ಬಿಡದೆ ಇನ್ನೊಂದು ಕೈಯಲ್ಲೇ ಮಣ್ಣು ಎಳೆಯತೊಡಗಿದ. "ಶ್ರೀರಂಗಣ್ಣಾ! ಲೋ ಮೇಸ್ತ್ರೀ!"

ಮಣ್ಣು ಮಾತಾಡಲಿಲ್ಲ.

ಶಾಂತಕುಮಾರಿಯ ತಲೆಯೊಳಗಿನ ಲೆಕ್ಕವೆಲ್ಲ ಕಲಸಿಹೋಯಿತು. ಗಂಗಕ್ಕ, ಪಂಪ್‌ಮನೆ, ಫೋನು, ಎಲ್ಲ ಆಮೇಲೆ. ಐದು ದಿನ. ಈ ಮಣ್ಣಿನ ಕೆಳಗೆ ಐದು ದಿನ. ತನ್ನ ಪರದೆಯ ಮೇಲೆ ಬೆರಳಿಟ್ಟ ಪಾಪಕ್ಕೆ.

ಬೇಲಿಯಾಚೆ ಪಕ್ಕದ ಹೊಲದಲ್ಲಿ ಕೃಷಿಹೊಂಡ ತೆಗೆಯುತ್ತಿದ್ದ ಜೆಸಿಬಿಗೆ ಭೀಮರಾಜು ಟವೆಲ್ ಬೀಸಿ ಕೂಗಿದ. "ಕಲ್ಲೇಶಾ! ಬಾರ್ಲಾ ಬೇಗ! ಮನುಷ್ಯ ಸಿಕ್ಕೊಂಡವ್ನೆ!"

ಅವಳು ಶಿವರುದ್ರಮ್ಮನಿಗೆ ಫೋನ್ ಮಾಡಿದಳು. "ಹಾರೆ ಸಿಕ್ತು ಮೇಡಂ. ಭೀಮರಾಜಣ್ಣನ ತೋಟ. ಜೆಸಿಬಿ ಬರ್ತಿದೆ."

"ತೂಬಿನ ಬಾವೀಲಿ ಬರೀ ಹಂದಿ ಬಿದ್ದು ಬೇಲಿ ಮುರಿದಿತ್ತು. ಬಂದ್ವಿ, ಹತ್ತು ನಿಮಿಷ. ಮೇಲ್ ಮೇಲಿಂದ ಮೆತ್ತಗೆ ತೆಗೀಲಿ ಅನ್ನಿ. ಒಳಗೆ ಉಸಿರಿರಬೋದು!"

ಕಲ್ಲೇಶ್ ಬೇಲಿ ಮುರಿದುಕೊಂಡೇ ಗಾಡಿ ತಂದ. ಹಲ್ಲಿನ ಬಕೆಟ್ಟು ಗಿಡದ ಪಕ್ಕಕ್ಕೆ ಇಳಿಯಿತು. ಒಂದು ಅಡಿ. ಎರಡಡಿ. ಎಳೆಯ ಬೇರುಗಳು ದಾರದಂತೆ ಪಟಪಟ ಹರಿದವು. ಗರಿಗಳು ನಡುಗಿದವು.

ಅವಳ ಕೈಯಲ್ಲಿ ಫೋನು ಕಂಪಿಸಿತು.

*ಗುರುತು ನಲವತ್ತೊಂದು: ಹೊಸ ದನಿ ಸೇರಿಸಲಾಗಿದೆ.*

ಯಾರೋ ಆ ಬಾವಿಯ ಬಗ್ಗೆ ಮಾತು ಹೇಳಿದ್ದರು. ಈಗ, ಈ ನಿಮಿಷದಲ್ಲಿ. ಅವಳು ಒಂದು ಕಿವಿ ಮುಚ್ಚಿಕೊಂಡು ಇನ್ನೊಂದಕ್ಕೆ ಫೋನು ಒತ್ತಿ ಹಿಡಿದಳು.

ಮೊದಲು ಕೆಮ್ಮು. ಆಮೇಲೆ ಅವಳಿಗೆ ಚೆನ್ನಾಗಿ ಗೊತ್ತಿದ್ದ ಒಡಕು ದನಿ.

"ಮೇಡಮ್ಮ... ನಾನು ಕಣವ್ವ, ಶ್ರೀರಂಗಯ್ಯ. ಚೆನ್ನಾಗಿದೀರಾ? ಮಕ್ಳೆಲ್ಲ ಚೆನ್ನಾಗವ್ರಾ?"

ಬದುಕಿದ್ದಾನೆ! ಅವಳ ಕಣ್ಣು ತುಂಬಿ ಬಂತು. ದನಿಯ ಹಿಂದೆ ಕಂಡಕ್ಟರನೊಬ್ಬ "ಅಮ್ಮಸಂದ್ರ, ತುರ್ವೇಕೆರೆ, ತುರ್ವೇಕೆರೆ" ಎಂದು ಕೂಗುತ್ತಿದ್ದ. ಅವನ ಕೂಗಿಗೆ ಮುದುಕನ ನಾಲ್ಕು ಮಾತು ನುಂಗಿಹೋದವು.

"...ಗಂಗಿ ಈಗ ಬೇರೆ ನಂಬರಿಗೆ ಫೋನ್ ಮಾಡಿದ್ಲು. ನೀವು ತೋಟಕ್ಕೆ ಹೊಂಟ್ರಿ ಅಂತ. ಗುರುತು ಸರಿಸಿದ್ದು ನಾನೇ ಕಣವ್ವ, ತಪ್ಪಾಯ್ತು. ನಲವತ್ತೊಂದು ಅಂತ ಬಾಯಿ ಬುಟ್ಟಿದ್ದೇ ನನ್ನ ತಪ್ಪು. ನಾನು ಬಾವೀಲಿಲ್ಲ. ಆ ಗಿಡ ಮುಟ್ಟಬ್ಯಾಡಿ. ಮುಟ್ಟುದ್ರೂ ಭೀಮರಾಜಪ್ಪನ್ನ ಮಾತ್ರ ಅಲ್ಲಿಗೆ ಕರ್ಕೊಂಡೋಗ್ಬ್ಯಾಡಿ. ಅವನ ಎದೆ ತಡೆಯಲ್ಲ. ಯಾಕೆ ಅಂದ್ರೆ ಅಲ್ಲಿ..."

ದನಿ ನಿಂತಿತು.

ಮೂವತ್ತು ಸೆಕೆಂಡು. ಮಿತಿ ಹಾಕಿದವಳು ಅವಳೇ.

"ನಿಲ್ಸಿ!" ಎಂದು ಕೂಗಿದಳು ಶಾಂತಕುಮಾರಿ. "ಕಲ್ಲೇಶ್, ನಿಲ್ಸಪ್ಪಾ! ಅವನು ಬದುಕವ್ನೆ, ಅಲ್ಲಿಲ್ಲ ಅವನು!" ಯಂತ್ರದ ಸದ್ದಿನಲ್ಲಿ ಅವಳ ಕೂಗು ಅವಳಿಗೇ ಕೇಳಿಸಲಿಲ್ಲ. ಭೀಮರಾಜು ಹಳ್ಳದ ಅಂಚಿನಲ್ಲೇ ಬಗ್ಗಿ ನಿಂತಿದ್ದ. ಅವಳು ಓಡಿಹೋಗಿ ಅವನ ತೋಳು ಹಿಡಿದು ಹಿಂದಕ್ಕೆ ಎಳೆದಳು. "ಅಣ್ಣ, ಬನ್ನಿ. ಈ ಕಡೆ ಬನ್ನಿ. ಶ್ರೀರಂಗಯ್ಯ ಬದುಕಿದ್ದಾನೆ. ಬನ್ನಿ ಅಂದ್ನಲ್ಲ!"

ಯಂತ್ರ ತಾನಾಗಿಯೇ ನಿಂತಿತು.

ತೋಟ ಒಮ್ಮೆಗೇ ಮೌನವಾಯಿತು. ದೂರದಲ್ಲಿ ಜೀಪು ಬರುವ ಸದ್ದು. ಕಲ್ಲೇಶ್ ಕೆಳಗಿಳಿದ. ಬಕೆಟ್ಟಿನ ಹಲ್ಲುಗಳ ನಡುವೆ ಕೈ ಹಾಕಿ ಏನನ್ನೋ ಬಿಡಿಸಿಕೊಂಡ. ತಲೆಗೆ ಸುತ್ತಿದ್ದ ಟವೆಲ್ ತೆಗೆದು ಹೆಗಲ ಮೇಲೆ ಹಾಕಿಕೊಂಡ. ಅವಳ ಹತ್ತಿರ ಬಂದು, ಭೀಮರಾಜುವಿಗೆ ಕೇಳಿಸದಷ್ಟು ಮೆಲ್ಲಗೆ ಕೇಳಿದ.

"ಮೇಡಂ, ನೀವು ಹುಡುಕ್ತಿದ್ದೋರು ಗಂಡಸು ಅಲ್ವಾ?"

"ಹೌದು. ಯಾಕಪ್ಪ?"

ಅವನು ಅಂಗೈ ಬಿಚ್ಚಿದ. ಕೆಂಪು ಮಣ್ಣು ಮೆತ್ತಿದ ಗಾಜಿನ ಬಳೆಗಳು, ಮೂರು. ಹೆಬ್ಬೆರಳಿನಿಂದ ಒಂದನ್ನು ಉಜ್ಜಿದ. ಹಸಿರು. ಹಸಿರಿನ ಮೇಲೆ ಬಂಗಾರದ ಬಣ್ಣದ ಸಣ್ಣ ಸಣ್ಣ ಚುಕ್ಕಿ.

ಶಾಂತಕುಮಾರಿ ಆ ಅಂಗೈಯನ್ನು ತನ್ನ ಕೈಯಿಂದ ಮುಚ್ಚಲು ಹೋದಳು. ತಡವಾಗಿತ್ತು. ಭೀಮರಾಜು ಅವರ ಹೆಗಲ ಮೇಲಿಂದ ನೋಡಿಬಿಟ್ಟಿದ್ದ.

ಅವನ ಕೈಯಲ್ಲಿದ್ದ ಕಾಯಿ ಜಾರಿ ಬಿತ್ತು. ಉರುಳಿಕೊಂಡು ಹೋಗಿ ಹಳ್ಳದ ಅಂಚಿನಲ್ಲಿ ನಿಂತಿತು.

"ಗೌರಿ ಹಬ್ಬಕ್ಕೆ," ಎಂದ ಅವನು. ದನಿ ಅವನದೇ ಅಲ್ಲದಂತಿತ್ತು. "ಆಸ್ಪತ್ರೆಗೆ ಸೇರೋಕೆ ಎಂಟು ದಿನ ಮುಂಚೆ. ತಿಪಟೂರಿಗೆ ಕರ್ಕೊಂಡೋಗಿ ನಾನೇ ತೊಡಿಸ್ಕೊಂಡು ಬಂದಿದ್ದೆ. ಚುಕ್ಕಿದೇ ಬೇಕು ಅಂತ ಹಟ ಮಾಡಿದ್ಲು."

ಕಲ್ಲೇಶ್ ಅಂಗೈ ಮಡಚಿದ.

ಅವನು ಶಾಂತಕುಮಾರಿಯನ್ನು ನೋಡಿದ, ಕಲ್ಲೇಶನನ್ನು ನೋಡಿದ.

"ಇಂಥವು ಊರಿಗೆಲ್ಲಾ ಇರ್ತವೆ, ಅಲ್ವಾ ಮೇಡಂ? ಯಾರ ಕೈಲಿ ಬೇಕಾದ್ರೂ ಇರ್ತವೆ. ಹೇಳ್ರೀ ಯಾರಾದ್ರೂ... ಊರಿಗೆಲ್ಲಾ ಇರ್ತವೆ ಅಂತ ಹೇಳ್ರೀ."